ಕೇಳ್ರಿ ಹೇಳ್ತೀನಿ: ಕ್ವೀನ್‌ಗಿಂತ ಮೊದಲಿದ್ದ ಆ ‘ಸ್ಮೈಲ್’

ಹೋದ ಸಂಚಿಕೆಯೊಳಗ ಇಂಗ್ಲೆಂಡಿನ ಹೆಸರಾಂತ ರಾಕ್ ಬ್ಯಾಂಡ್ ಕ್ವೀನ್ ಬಗ್ಗೆ ಬರೀತ ಬರೀತ ಒಂದ ಸಾಲಿನ್ಯಾಗ ‘ಇದಕ್ಕಿಂತ ಮೊದಲ ಸ್ಮೈಲ್ ಅಂತ ಒಂದ ಬ್ಯಾಂಡ್ ಇತ್ತು, ಎರಡ ವರ್ಷದಾಗ ಮುಗೀತು’ ಅಂತ ಬರದು ಮುಂದ ಹೋಗಿದ್ದೆ. ಆ ಒಂದ ಸಾಲ ಹಿಡಕೊಂಡು ಇಷ್ಟ ಮಂದಿ ಪತ್ರ ಬರೀತಾರ ಅಂತ ಅಂದ್ಕೊಂಡಿರಲಿಲ್ಲ. ಭಾಳ ಖುಷಿ ಆತು. ಉಳಿದ ಪ್ರಶ್ನೆ ಮುಂದಿನ ಸಲಕ್ಕ ಇಟ್ಟು ಈ ಸಲ ಇವನ್ನಷ್ಟ ತಗೊಂಡೀನಿ.

ಪ್ರಶ್ನೆ: ಸರ್, ನಾವು ಮೂರು ಮಂದಿ ಗೆಳ್ಯಾರು ಕಾಲೇಜ್ ಗ್ಯಾದರಿಂಗ್‌ನ್ಯಾಗ, ಗಣಪತಿ ಮುಂದ ಬಾರಸ್ಕೋತ ಎರಡ ವರ್ಷ ಬ್ಯಾಂಡ್ ನಡಿಸಿದ್ವಿ. ಈಗ ಒಬ್ಬಾಂವ ಪುಣೆಕ್ಕ ಕೆಲಸಕ್ಕ ಹೊಂಟಾನ, ಬ್ಯಾಂಡ್ ಮುಗಿದಂಗ. ಸ್ಮೈಲ್ ಕಥಿ ಪೂರಾ ಹೇಳ್ರಿ. ಎರಡ ವರ್ಷದಾಗ ಒಡದ ಬ್ಯಾಂಡಿನ ಹೆಸರು ಇನ್ನೂ ಯಾಕ ತಗೀತಾರ?
(ಇಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ)

ಉತ್ತರ: ತಮ್ಮಾ, ನಿಮ್ಮ ಪತ್ರ ಓದಿ ಸಂಕಟ ಆತು. ಬ್ಯಾಂಡ್ ಮುಗೀತಂದ್ರ ಬರೇ ಪ್ರೋಗ್ರಾಮ್ ನಿಲ್ಲೂದಲ್ಲ, ನಾಳೆ ಸಂಜಿ ಐದಕ್ಕ ಎಲ್ಲಿ ಹೋಗ್ಬೇಕು ಅನ್ನೂದ ಗೊತ್ತಾಗಂಗಿಲ್ಲ. ಅದು ನನಗ ತಿಳೀತದ.

ಈಗ ಕಥಿ ಕೇಳ್ರಿ. ಲಂಡನ್ನಿನ ಅಂಚಿಗೆ ಹ್ಯಾಂಪ್ಟನ್ ಅಂತ ಐತಿ, ಅಲ್ಲೀ ಸಾಲಿಯೊಳಗ ಕಲತ ಹುಡುಗ್ರು ಬ್ರಯಾನ್ ಮೇ ಮತ್ತ ಟಿಮ್ ಸ್ಟಾಫೆಲ್. ಬ್ರಯಾನ್ ಗಿಟಾರ್ ಬಾರಸಾಂವ, ಟಿಮ್ ಹಾಡಾಂವ. ಸಾಲಿ ದಿನದಾಗ ಇಬ್ಬರೂ ಒಂದ ಬ್ಯಾಂಡಿನ್ಯಾಗ ಇದ್ರು, ಅದರ ಹೆಸರು ‘1984’, ಜಾರ್ಜ್ ಆರ್ವೆಲ್ ಕಾದಂಬರಿಯಿಂದ ತಗೊಂಡದ್ದು. 1967ರಾಗ ಇಂಪೀರಿಯಲ್ ಕಾಲೇಜಿನ್ಯಾಗ ಹೆಸರಾಂತ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಬಾರಿಸಿದ ದಿನ ಅವನಕಿಂತ ಮೊದಲ ಸ್ಟೇಜ್ ಹತ್ತಿದ್ದು ಈ ಹುಡುಗ್ರ ಬ್ಯಾಂಡ್. ಆಮ್ಯಾಲ ಬ್ರಯಾನ್ ಓದಿನ ಸಲುವಾಗಿ ಅದನ್ನ ಬಿಟ್ಟ, ಇಂಪೀರಿಯಲ್ ಕಾಲೇಜಿನ್ಯಾಗನ ಫಿಸಿಕ್ಸ್ ಓದ್ತಿದ್ದ, 1968ರಾಗ ಡಿಗ್ರಿ ಮುಗಿಸಿದ. ಆದ್ರ ಗಿಟಾರ್ ಬಿಟ್ಟ ಇರಾಕ ಆಗಲಿಲ್ಲ, ಟಿಮ್‌ನ ಕೂಡ ಮತ್ತ ಕೂತ, ಒಂದ ಡ್ರಮ್ಮರ್ ಬೇಕಲ್ಲ ಅಂತ ಕಾಲೇಜಿನ ನೋಟೀಸ್ ಬೋರ್ಡಿಗೆ ಒಂದ ಚೀಟಿ ಅಂಟಿಸಿದ, ಮಿಚ್ ಮಿಚೆಲ್, ಜಿಂಜರ್ ಬೇಕರ್ ಇವರ ಥರ ಬಾರಸಾಂವ ಬೇಕು ಅಂತ ಅದರಾಗ ಬರದಿತ್ತು.

ಆ ಚೀಟಿ ಕಂಡದ್ದು ರಾಜರ್ ಟೇಲರ್‌ನ ರೂಮ್‌ಮೇಟಿಗೆ. ರಾಜರ್ ಕಾರ್ನ್‌ವಾಲ್ ಕಡಿ ಟ್ರೂರೋ ಊರಾಂವ, ಲಂಡನ್ನಿಗೆ ಹಲ್ಲಿನ ಡಾಕ್ಟರಕಿ ಓದಾಕ ಬಂದಿದ್ದ. ಅವನ್ನ ಪರೀಕ್ಷೆ ಮಾಡಾಕ ಕರದಾಗ ನಡದದ್ದನ್ನ ಬ್ರಯಾನ್ ಮೇ ಮುಂದ ಎಷ್ಟೋ ಸಲ ಹೇಳ್ಯಾರ, ನನಗ ಇಡೀ ಕಥಿಯೊಳಗ ಭಾಳ ಸೇರೋ ಮಾತು ಅದ. ರಾಜರ್ ಬಂದು ಡ್ರಮ್ ಇಟ್ಟು ಬಾರಸೂದ ಬಿಟ್ಟು ಮೊದಲ ಒಂದೊಂದ ಡ್ರಮ್ಮನ್ನ ಬಿಗಿ ಮಾಡಿ, ಸಡಲ ಮಾಡಿ ಶ್ರುತಿ ಮಾಡಾಕ ಕೂತನಂತ. ಡ್ರಮ್ಮಿಗೂ ಶ್ರುತಿ ಇರ್ತದ ಅಂತ ಬ್ರಯಾನ್‌ಗ ಅಲ್ಲೀತನಕ ಗೊತ್ತಿರಲಿಲ್ಲ. ನಮ್ಮ ಕಡೆ ತಬಲಾದಾಂವ ಸಣ್ಣ ಹತೋಡಿ ತಗೊಂಡು ಗಟ್ಟಾ ಮ್ಯಾಲ ಕೆಳಗ ಬಡಕೋತ ಹತ್ತ ಮಿನಿಟು ಕೂತ್ರ ಮಂದಿ ಸುಮ್ಮನ ಕೂಡ್ತಾರ, ಅವರಿಗೆ ಗೊತ್ತು, ಇಂವ ಖರೇ ಬಾರಸಾಂವ ಅಂತ. ಬ್ರಯಾನ್‌ಗೂ ಆವತ್ತ ಹಂಗ ಅನಿಸಿರಬೇಕು. ರಾಜರ್‌ನ ತಗೊಂಡ್ರು. ಟಿಮ್ ಹಾಡೂದರ ಜೋಡಿ ಬೇಸ್ ಗಿಟಾರೂ ಬಾರಿಸಿದ. ಬ್ಯಾಂಡಿಗೆ ‘ಸ್ಮೈಲ್’ ಅಂತ ಹೆಸರಾತು. ಟಿಮ್ ಈಲಿಂಗ್ ಆರ್ಟ್ ಕಾಲೇಜಿನ ವಿದ್ಯಾರ್ಥಿ ಆಗಿದ್ರಿಂದ ದೊಡ್ಡ ಬಾಯಿ, ಸಾಲ ಹಲ್ಲು ಇರೋ ಲೋಗೋನೂ ಅವನ ಬರದ.

ಶುರುವಾತು ಚಲೋನ ಇತ್ತು. 1968ರ ಅಕ್ಟೋಬರ್ 26ಕ್ಕ ಇಂಪೀರಿಯಲ್ ಕಾಲೇಜಿನ್ಯಾಗ ಪಿಂಕ್ ಫ್ಲಾಯ್ಡ್ ಬ್ಯಾಂಡಿನ ಪ್ರೋಗ್ರಾಮಿಗೆ ಮೊದಲ ಇವರು ಬಾರಿಸಿದ್ರು. 1969ರ ಫೆಬ್ರುವರಿ 27ಕ್ಕ ರಾಯಲ್ ಆಲ್ಬರ್ಟ್ ಹಾಲ್‌ನ್ಯಾಗ, ಮದುವಿ ಆಗದ ತಾಯಂದಿರು, ಅವರ ಮಕ್ಕಳ ಸಲುವಾಗಿ ರೊಕ್ಕ ಕೂಡಸಾಕ ಇಟ್ಟಿದ್ದ ಪ್ರೋಗ್ರಾಮ್ ಒಂದರಾಗ, ‘ಫ್ರೀ’ ಅನ್ನೋ ಬ್ಯಾಂಡ್, ಹಾಡುಗಾರ ಜೋ ಕಾಕರ್ ಅಂಥವರ ಸಾಲಿನ್ಯಾಗ ನಿಂತು ಬಾರಿಸಿದ್ರು. ಹತ್ತೊಂಬತ್ತು ಇಪ್ಪತ್ತೊಂದು ವಯಸ್ಸಿನ ಹುಡುಗ್ರಿಗೆ ಅದು ಸಣ್ಣ ಮಾತಲ್ರಿ. ಅದ ವರ್ಷ ಮರ್ಕ್ಯುರಿ ರೆಕಾರ್ಡ್ಸ್ ಅನ್ನೋ ಕಂಪನಿ ಇವರ ಕೂಡ ಒಪ್ಪಂದ ಮಾಡ್ಕೊಂತು, ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಾಗ ರೆಕಾರ್ಡಿಂಗ್ ಆತು, ಆಗಸ್ಟ್‌ನ್ಯಾಗ ಒಂದ ಸಿಂಗಲ್, ಅಂದ್ರ ಎರಡ ಹಾಡಿನ ಸಣ್ಣ ರೆಕಾರ್ಡ್, ಹೊರಗ ಬಂತು, ಒಂದ ಕಡೆ ‘ಅರ್ಥ್’, ಇನ್ನೊಂದ ಕಡೆ ‘ಸ್ಟೆಪ್ ಆನ್ ಮಿ’. ‘ಅರ್ಥ್’ ಟಿಮ್ ಬರದ ಹಾಡು, ಭೂಮಿ ಬಿಟ್ಟು ದೂರ ಹೋದಾಂವ ಹಾಡೋ ಹಾಡು, ಮನಶ್ಯಾರು ಚಂದ್ರನ ಮ್ಯಾಲ ಕಾಲಿಟ್ಟು ಆಗಿನ್ನೂ ಒಂದ ತಿಂಗಳ ಆಗಿತ್ತು.

ಆದ್ರ ಏನ ಮಾಡೂದು, ಆ ರೆಕಾರ್ಡ್ ಬಿಡುಗಡೆ ಆದದ್ದು ಅಮೆರಿಕಾದಾಗ ಅಷ್ಟ. ಇವರು ಬಾರಸೂದು ಇಂಗ್ಲೆಂಡಿನ್ಯಾಗ, ರೆಕಾರ್ಡ್ ಮಾರೂದು ಅಮೆರಿಕಾದಾಗ, ಅಲ್ಲಿ ಇವರನ್ನ ಕಂಡವ್ರು ಒಬ್ಬರೂ ಇಲ್ಲ, ಇಲ್ಲಿ ಕಂಡವ್ರ ಕೈಗೆ ರೆಕಾರ್ಡ್ ಸಿಗೂದಿಲ್ಲ. ಅದು ಓಡಲಿಲ್ಲ. ಮುಂದ ಇನ್ನೂ ಒಂದಿಷ್ಟ ಹಾಡು ರೆಕಾರ್ಡ್ ಮಾಡಿದ್ರು, ಅವು ಆಗ ಹೊರಗ ಬರಲೇ ಇಲ್ಲ. ಟಿಮ್‌ನ ಮನಸು ಅಷ್ಟೊತ್ತಿಗೆ ಬ್ಯಾರೆ ಥರದ ಸಂಗೀತದ ಕಡೆ ಹೊಳ್ಳಿತ್ತು, 1970ರ ಶುರುವಿನ್ಯಾಗ ಅಂವ ಬಿಟ್ಟ. ಜಗಳಾಡಿ ಹೋದಾಂವಲ್ಲ. ಒಟ್ಟ ಲೆಕ್ಕ ಹಾಕಿದ್ರ ಸ್ಮೈಲ್ ಬದುಕಿದ್ದು ಎರಡ ವರ್ಷಕ್ಕ ಒಂಚೂರು ಕಮ್ಮಿ.

ಈಗ ನಿಮ್ಮ ಎರಡನೇ ಪ್ರಶ್ನೆ, ಹೆಸರು ಯಾಕ ತಗೀತಾರ. ಕ್ವೀನ್ ದೊಡ್ಡದಾತು, ಅದಕ್ಕ ಅದರ ಹಿಂದಿನದ್ದನ್ನೂ ಹುಡಕ್ತಾರ ಅಂತ ಎಲ್ಲಾರೂ ಹೇಳ್ತಾರ, ನಾ ಅದನ್ನ ಅರ್ಧ ಅಷ್ಟ ಒಪ್ತೀನಿ. ಕ್ವೀನ್‌ನ ಮೊದಲ ಆಲ್ಬಮ್, 1973ರ ಜುಲೈ 13ಕ್ಕ ಬಂದದ್ದು, ಅದರಾಗ ‘ಡೂಯಿಂಗ್ ಆಲ್ ರೈಟ್’ ಅಂತ ಹಾಡೈತಿ, ಕೆಳಗ ಬರದವರ ಹೆಸರ ಓದ್ರಿ, ಮೇ ಮತ್ತ ಸ್ಟಾಫೆಲ್ ಅಂತ ಐತಿ. ಅದು ಸ್ಮೈಲ್ ಹಾಡು. ಸ್ಮೈಲ್ ಕಾಲದಾಗ ‘ಬ್ಲ್ಯಾಗ್’ ಅನ್ನೋ ಹಾಡಿನ್ಯಾಗ ಬ್ರಯಾನ್ ಒಬ್ಬನ ಗಿಟಾರ್ ಬಾರಸ್ತಿದ್ದ ಭಾಗ (ಸೋಲೋ) 1974ರಾಗ ಕ್ವೀನ್‌ನ ‘ಬ್ರೈಟನ್ ರಾಕ್’ ಒಳಗ ಬಂದು ಕೂತೈತಿ. ಮೂರೂ ಮಂದಿ ದನಿ ಕೂಡಿಸಿ ಹಾಡೋ ರೂಢಿ ಅಲ್ಲೇ ಬೆಳದದ್ದು. ಸ್ಮೈಲ್ ರೆಕಾರ್ಡ್ ಮಾಡಿದ ಟ್ರೈಡೆಂಟ್ ಸ್ಟುಡಿಯೋದಾಗನ, ಬ್ಯಾರೆಯವರ ಕೆಲಸ ಮುಗದ ಹೊತ್ತಿನ್ಯಾಗ, ಕ್ವೀನ್‌ನ ಮೊದಲ ಆಲ್ಬಮ್ ಆತು. ಇನ್ನೊಂದ ಮಾತು, 1970ರ ಜೂನ್ 27ಕ್ಕ ಟ್ರೂರೋ ಸಿಟಿ ಹಾಲ್‌ನ್ಯಾಗ ರೆಡ್ ಕ್ರಾಸ್ ಸಲುವಾಗಿ ಒಂದ ಪ್ರೋಗ್ರಾಮ್ ಇತ್ತು, ರಾಜರ್‌ನ ತಾಯಿ ಹೊಂದಿಸಿದ್ದು, ಮೊದಲ ಒಪ್ಪಿದ್ದ ಹೆಸರು ಸ್ಮೈಲ್, ಆದ್ರ ಆವತ್ತ ಸ್ಟೇಜ್ ಹತ್ತಿ ಹಾಡಿದಾಂವ ಹೊಸಬ ಹುಡುಗ, ಫ್ರೆಡ್ಡಿ ಮರ್ಕ್ಯುರಿ, ಮುಂದ ಕ್ವೀನ್ ಹಾಡುಗಾರ ಅಂತ ಹೆಸರಾದಾಂವ. ಹೆಸರು ಸ್ಮೈಲ್‌ದು, ನಿಂತವ್ರು ಕ್ವೀನ್. ಎಲ್ಲಿ ಒಂದ ಮುಗೀತು, ಎಲ್ಲಿ ಇನ್ನೊಂದ ಶುರುವಾತು ಅಂತ ಗೆರಿ ಹೊಡದು ತೋರಸಾಕ ಬರ್ತದೇನ್ರಿ?

ಬಾದಾಮಿ ಬನಶಂಕರಿ ಜಾತ್ರಿಗೆ ತಿಂಗಳಗಟ್ಟಲೆ ಕ್ಯಾಂಪ್ ಹಾಕೋ ನಾಟಕ ಕಂಪನಿ ಮಂದಿಗೆ ಇದು ಹೊಸಾದಲ್ಲ. ಒಂದ ಕಂಪನಿ ಮುಚ್ಚತದ, ಅದರ ಹಾರ್ಮೋನಿಯಂ ಮಾಸ್ತರ್ ಇನ್ನೊಂದ ಕಂಪನಿಗೆ ಹೋಗ್ತಾನ, ಹೋಗೂ ಮುಂದ ಚಾಲ್ ಎಲ್ಲಾ ಬೆರಳಿನ್ಯಾಗ ಇಟ್ಕೊಂಡ ಹೋಗ್ತಾನ. ಮುಂದಿನ ಜಾತ್ರಿಯೊಳಗ ಹೊಸಾ ಬೋರ್ಡಿನ ಕೆಳಗ ಹಳೇ ರಂಗಗೀತೆ ಕೇಳ್ತದ.

ಹಂಗಾಗಿ ನಿಮಗ ನನ್ನ ಮಾತು ಇಷ್ಟ ಐತಿ ತಮ್ಮಾ. ಆ ಗೆಳ್ಯಾ ಪುಣೆಕ್ಕ ಹೋಗೂದರೊಳಗ ಮೂರೂ ಮಂದಿ ಕೂತು ನಿಮ್ಮ ಸ್ವಂತದ ಹಾಡು ಎಷ್ಟ ಅದಾವ ಅಷ್ಟೂ ರೆಕಾರ್ಡ್ ಮಾಡಿ ಇಡ್ರಿ, ಸ್ಟುಡಿಯೋಕ್ಕ ರೊಕ್ಕ ಇಲ್ಲಂದ್ರ ಫೋನಿನ್ಯಾಗಾದ್ರೂ ಆಗಲಿ, ಯಾವ ಹಾಡು ಯಾರು ಕಟ್ಟಿದ್ದು ಅಂತ ಹೆಸರು, ತಾರೀಖು ಬರದ ಇಡ್ರಿ. ಸ್ಮೈಲ್ ರೆಕಾರ್ಡ್ ಮಾಡಿ ಮೂಲ್ಯಾಗ ಬಿದ್ದಿದ್ದ ಹಾಡು 1982ರಾಗ ಜಪಾನಿನ್ಯಾಗ ಹೊರಗ ಬಂದ್ವು. ಟೇಪ್ ಉಳದಿತ್ತು, ಅದಕ್ಕ ಬಂದ್ವು.

ಪ್ರಶ್ನೆ: ಬ್ಯಾಂಡ್ ಅಂದ್ರ ನಮಗ ಗೊತ್ತಿರೂದು ಮದುವಿ ಮೆರವಣಿಗಿ ಬ್ಯಾಂಡ್, ಹದಿನೈದು ಇಪ್ಪತ್ತ ಮಂದಿ ಇರ್ತಾರ. ಮೂರ ಮಂದಿ ಕೂಡಿ ಹೆಂಗ ಬ್ಯಾಂಡ್ ಆಗ್ತದರಿ?
(ಹಿರಿಯ ಓದುಗರು, ಮುಧೋಳ)

ಉತ್ತರ: ಕಾಕಾ, ಮದುವಿ ಬ್ಯಾಂಡ್ ಬಯಲಿನ್ಯಾಗ ಓಣಿ ಓಣಿ ಕೇಳಬೇಕು, ಅದಕ್ಕ ಅಷ್ಟ ಕೊಂಬು, ಅಷ್ಟ ಡೋಲು. ರಾಕ್ ಬ್ಯಾಂಡಿನ್ಯಾಗ ದನಿ ದೊಡ್ಡದ ಮಾಡೂ ಕೆಲಸ ಕರೆಂಟಿಂದು, ಹಂಗಾಗಿ ಮೂರು ನಾಲ್ಕ ಮಂದಿ ಸಾಕು. ಡ್ರಮ್ ಲಯ ಹಿಡೀತದ, ಗಿಟಾರ್ ಸ್ವರದ್ದು, ಬೇಸ್ ಗಿಟಾರ್ ಅಂದ್ರ ದಪ್ಪ ತಂತಿದು, ಅದು ಇವೆರಡರ ನಡುವ ನಿಂತು ನೆಲಾ ಹಾಕ್ತದ. ಅದು ಬಾರಸೂ ಮುಂದ ಮಂದಿ ಲಕ್ಷ್ಯ ಕೊಡೂದಿಲ್ಲ, ನಿಂತ್ರ ಮಾತ್ರ ಹಾಡು ಕಾಲಿಲ್ಲದಂಗ ಆಗ್ತದ.

ನಿಮ್ಮ ಪ್ರಶ್ನೆ ಸಣ್ಣದಂತ ಅನಿಸಿದ್ರೂ ಸ್ಮೈಲ್ ಕಥಿಗೆ ನೇರ ಹೊಂದತದ. ಟಿಮ್ ಸ್ಟಾಫೆಲ್ ಹಾಡಾಂವನೂ ಅಂವ, ಬೇಸ್ ಬಾರಸಾಂವನೂ ಅಂವ. ಒಬ್ಬಾಂವ ಎದ್ದ ಹೋದ್ರ ಎರಡ ಜಾಗಾ ಖಾಲಿ ಆದ್ವು. ಹಾಡೋ ಜಾಗಾಕ್ಕ ಫ್ರೆಡ್ಡಿ ತಡಾ ಇಲ್ಲದ ಬಂದ. ಬೇಸ್ ಜಾಗಾಕ್ಕ ಒಬ್ಬಾಂವ ಬಂದ, ಹೋದ, ಇನ್ನೊಬ್ಬಾಂವ ಬಂದ, ಹೋದ, ಕಡೀಗೆ 1971ರಾಗ ಜಾನ್ ಡೀಕನ್ ಬಂದು ನಿಂತ. ಆಮ್ಯಾಲ ಫ್ರೆಡ್ಡಿ ತೀರಕೊಳ್ಳೂತನ ಇಪ್ಪತ್ತ ವರ್ಷ ಆ ನಾಲ್ಕ ಮಂದಿಯೊಳಗ ಒಬ್ಬರೂ ಬದಲಾಗಲಿಲ್ಲ.

ಪ್ರಶ್ನೆ: ಫ್ರೆಡ್ಡಿ ಮರ್ಕ್ಯುರಿ ಪಂಚಗಣಿಯೊಳಗ ಸಾಲಿ ಕಲತಾಂವ ಅಂತಾರ, ಖರೇನ್ರಿ? ಅವನೂ ಸ್ಮೈಲ್ ಒಳಗ ಇದ್ನ? ಮರ್ಕ್ಯುರಿ ಅನ್ನೋ ಹೆಸರು ಆ ರೆಕಾರ್ಡ್ ಕಂಪನಿದ?
(ಕಾಲೇಜು ವಿದ್ಯಾರ್ಥಿನಿ, ಜಮಖಂಡಿ)

ಉತ್ತರ: ಪೂರಾ ಖರೇ ಐತಿ ತಂಗಿ. ಬೆಳಗಾವಿಯಿಂದ ಹೈವೇ ಹಿಡದು ನಿಪ್ಪಾಣಿ, ಕೊಲ್ಹಾಪುರ, ಕರಾಡ ದಾಟಿ ಸಾತಾರಾಕ್ಕ ಹೋಗಿ, ಅಲ್ಲಿಂದ ವಾಯಿ ಮ್ಯಾಲ ಪಸರಣಿ ಘಾಟ ಹತ್ತಿದ್ರ ಪಂಚಗಣಿ ಬರ್ತದ. ನಮ್ಮ ಕಡೆ ಮಂದಿ ಸ್ಟ್ರಾಬೆರಿ ತಿನ್ನಾಕ, ಮಹಾಬಳೇಶ್ವರ ನೋಡಾಕ ಹೋಗೂ ಹಾದಿ. ಅಲ್ಲೀ ಸೇಂಟ್ ಪೀಟರ್ಸ್ ಸಾಲಿಯೊಳಗ ಎಂಟ ವರ್ಷದ ಹುಡುಗನ್ನ ಝಾಂಜಿಬಾರ್‌ದಿಂದ ತಂದ ಬಿಟ್ಟಿದ್ರು. ಫಾರೂಖ್ ಬುಲ್ಸಾರಾ, 1946ರ ಸೆಪ್ಟೆಂಬರ್ 5ಕ್ಕ ಹುಟ್ಟಿದಾಂವ, ತಂದಿ ತಾಯಿ ಪಾರ್ಸಿ ಮಂದಿ. ಬುಲ್ಸಾರಾ ಅನ್ನೂದು ಗುಜರಾತಿನ ಬುಲ್ಸಾರ್ ಊರಿನಿಂದ ಬಂದದ್ದು, ಈಗ ವಲಸಾಡ್ ಅಂತಾರ. ನಮ್ಮಲ್ಲಿ ಹುಕ್ಕೇರಿ, ಬಾಗಲಕೋಟಿ, ಜಮಖಂಡಿ ಅಂತ ಊರ ಹೆಸರ ಅಡ್ಡಹೆಸರ ಆಗ್ಯಾವಲ್ಲ, ಹಂಗ.

ಎಂಟ ವರ್ಷದ ಕೂಸು ಸಮುದ್ರ ದಾಟಿ ಹಾಸ್ಟೆಲ್‌ಕ್ಕ ಬಂದು ಹೆಂಗ ಇದ್ದೀತು ಅಂತ ನಾ ಪಂಚಗಣಿಗೆ ಹೋದಾಗೆಲ್ಲ ಆ ಬೆಳ್ಳಿಓಕ ಗಿಡದ ಸಾಲಿನ್ಯಾಗ ನಿಂತು ವಿಚಾರ ಮಾಡ್ತೀನಿ. ಅವಗ ಅಲ್ಲಿ ಪಿಯಾನೊ ಸಿಕ್ಕಿತು, ‘ಫ್ರೆಡ್ಡಿ’ ಅನ್ನೋ ಹೆಸರೂ ಅಲ್ಲೇ ಗೆಳ್ಯಾರ ಬಾಯಾಗ ಬಂತು. ಹನ್ನೆರಡರ ವಯಸ್ಸಿಗೆ, 1958ರ ಸುಮಾರಿಗೆ, ಐದ ಹುಡುಗ್ರು ಕೂಡಿ ‘ದಿ ಹೆಕ್ಟಿಕ್ಸ್’ ಅಂತ ಸಾಲಿ ಬ್ಯಾಂಡ್ ಕಟ್ಟಿದ್ರು, ಅದರಾಗ ಫ್ರೆಡ್ಡಿ ಮುಖ್ಯ ಹಾಡುಗಾರ ಅಲ್ಲ, ಪಿಯಾನೊ ಬಾರಸಾಂವ. ಮುಂದ ಲಕ್ಷಗಟ್ಟಲೆ ಮಂದಿನ್ನ ಒಂದ ಕೈಸನ್ನೆಯೊಳಗ ಹಾಡಿಸಿದಾಂವ ಪಂಚಗಣಿ ಸ್ಟೇಜ್ ಮ್ಯಾಲ ಮೂಲಿಗೆ ಪಿಯಾನೊ ಮುಂದ ಕೂತಿದ್ದ ಅನ್ನೂದನ್ನ ನೆನಪಿಡ್ರಿ. ಅದೂ ಒಂದ ಬಾಳ ದಿನ ಉಳೀದ ಬ್ಯಾಂಡ, ಸಾಲಿ ಮುಗೀತು, ಹುಡುಗ್ರು ಚದರಿದ್ರು.

1964ರಾಗ ಝಾಂಜಿಬಾರಿನ್ಯಾಗ ಕ್ರಾಂತಿ ಆಗಿ ಗದ್ಲ ಎದ್ದಾಗ ಮನಿಮಂದಿ ಎಲ್ಲಾ ಇಂಗ್ಲೆಂಡಿಗೆ ಹೋಗಿ ಫೆಲ್ಟಮ್ ಅನ್ನೋ ಕಡೆ ನೆಲಿ ನಿಂತ್ರು. ಫ್ರೆಡ್ಡಿ ಈಲಿಂಗ್ ಆರ್ಟ್ ಕಾಲೇಜಿಗೆ ಸೇರಿದ, ಅಲ್ಲಿ ಟಿಮ್ ಸ್ಟಾಫೆಲ್ ಗೆಳ್ಯಾ ಆದ, ಟಿಮ್ ಅವನ್ನ ಸ್ಮೈಲ್ ಪ್ರ್ಯಾಕ್ಟೀಸಿಗೆ ಕರಕೊಂಡ ಹೋದ. ಹಂಗಾಗಿ ಫ್ರೆಡ್ಡಿ ಸ್ಮೈಲ್ ಒಳಗ ಇರಲಿಲ್ಲ, ಸ್ಮೈಲ್ ಮುಂದ ನಿಂತ ಕೇಳಾಂವ ಆಗಿದ್ದ. ಸುಮ್ಮನ ಕೇಳಾಂವನೂ ಅಲ್ಲ, ಹಿಂಗ ಬಟ್ಟಿ ಹಾಕ್ರಿ, ಸ್ಟೇಜ್ ಮ್ಯಾಲ ಹಂಗ ನಿಲ್ಲಬ್ಯಾಡ್ರಿ, ಮಂದಿ ನಿಮ್ಮನ್ನ ನೋಡಬೇಕು ಅಂತ ಬೆನ್ನ ಹತ್ತಿದಾಂವ. ನಡುವ ಐಬೆಕ್ಸ್ ಅನ್ನೋ ಬ್ಯಾಂಡಿನ್ಯಾಗ ಹಾಡಿದ, ಅದ ರೆಕೇಜ್ ಅಂತ ಹೆಸರ ಬದಲ ಮಾಡ್ಕೊಂತು, ಆಮ್ಯಾಲ ಸೋರ್ ಮಿಲ್ಕ್ ಸೀ ಅಂತ ಇನ್ನೊಂದು, ಎಲ್ಲಾ ತಿಂಗಳ ಲೆಕ್ಕದಾಗ ಮುಗದಂಥವು. ರಾಜರ್ ಟೇಲರ್ ಜೋಡಿ ಕೂಡಿ ಕೆನ್ಸಿಂಗ್ಟನ್ ಮಾರ್ಕೆಟ್ಟಿನ್ಯಾಗ ಹಳೇ ಬಟ್ಟಿ ಮಾರೋ ಅಂಗಡಿನೂ ಇಟ್ಟಿದ್ದ. ಟಿಮ್ ಬಿಟ್ಟಾಗ ಯಾರನ್ನ ಕರೀಬೇಕು ಅಂತ ಹುಡುಕೂ ಪ್ರಸಂಗನ ಬರಲಿಲ್ಲ.

ಮರ್ಕ್ಯುರಿ ರೆಕಾರ್ಡ್ಸ್ ಕಂಪನಿಗೂ ಅವನ ಹೆಸರಿಗೂ ಸಂಬಂಧ ಹಚ್ಚಬ್ಯಾಡ್ರಿ. ತಾನ ಬರದ ಒಂದ ಹಾಡಿನ್ಯಾಗ ಮದರ್ ಮರ್ಕ್ಯುರಿ ಅಂತ ಮಾತ ಬರ್ತದ, ಅದರಿಂದ ತಗೊಂಡಾನ ಅಂತ ಬ್ರಯಾನ್ ಮೇ ಹೇಳ್ಯಾರ. ಕ್ವೀನ್ ಅನ್ನೋ ಹೆಸರು ಫ್ರೆಡ್ಡಿದ, ಅದರ ಲಾಂಛನ ಬರದಾಂವನೂ ಅಂವ. ನಾಲ್ಕೂ ಮಂದಿ ರಾಶಿ ಅದರಾಗ ಅದಾವ, ಸಿಂಹ ಎರಡು, ಏಡಿ ಒಂದು, ಕನ್ಯಾ ರಾಶಿಗೆ ಎರಡು ಕಿನ್ನರಿ. ಆರ್ಟ್ ಕಾಲೇಜಿನ ಓದು ವ್ಯರ್ಥ ಆಗಲಿಲ್ಲ.

ಪ್ರಶ್ನೆ: ಬ್ರಯಾನ್ ಮೇ ತನ್ನ ಗಿಟಾರ್ ತಾನ ಮನ್ಯಾಗ ಮಾಡ್ಕೊಂಡಾನಂತ ಓದೀನಿ. ನಾ ಇಪ್ಪತ್ತೆರಡ ವರ್ಷ ಲೇತ್ ಮ್ಯಾಲ ಕೆಲಸ ಮಾಡೀನಿ, ನನಗ ನಂಬಿಕಿ ಬರವಲ್ದು. ಏನೇನ ಹಾಕಿ ಮಾಡ್ಯಾನ?
(ಉದ್ಯಮಬಾಗ, ಬೆಳಗಾವಿ)

ಉತ್ತರ: ಅಣ್ಣಾರ, ನಿಮ್ಮಂಥವರಿಗೆ ಇದನ್ನ ಹೇಳೂದು ನನಗ ಭಾಳ ಖುಷಿ. ಸ್ಮೈಲ್ ಹುಟ್ಟೂಕಿಂತ ಐದ ವರ್ಷ ಮೊದಲ, 1963ರಾಗ, ಬ್ರಯಾನ್‌ಗ ಹದಿನಾರು. ಅಂಗಡ್ಯಾಗಿನ ಚಲೋ ಎಲೆಕ್ಟ್ರಿಕ್ ಗಿಟಾರ್ ಕೊಳ್ಳಾಕ ರೊಕ್ಕ ಇರಲಿಲ್ಲ. ತಂದಿ ಹೆರಾಲ್ಡ್ ಎಲೆಕ್ಟ್ರಾನಿಕ್ಸ್ ಇಂಜಿನಿಯರ್, ಕೈ ಕೆಲಸ ಗೊತ್ತಿದ್ದಾಂವ. ಅಪ್ಪ ಮಗ ಕೂಡಿ ಎರಡ ವರ್ಷ ಕೂತು ಮಾಡಿದ್ರು.

ಗಿಟಾರಿನ ಕುತ್ತಿಗಿ ಮಾಡಿದ್ದು ನೂರ ವರ್ಷಕ್ಕಿಂತ ಹಳೇದಾದ ಮಹಾಗನಿ ಕಟಗಿಲೆ, ಚಳಿ ಕಾಸ್ಕೊಳ್ಳೋ ಗೂಡಿನ ಮ್ಯಾಲ ಹಾಕಿದ್ದ ಹಲಿಗಿ ಅದು, ಹುಳಾ ಕೊರದ ತೂತು ಇದ್ವು, ಅದಕ್ಕ ಕಡ್ಡಿಪೆಟಗಿ ಕಡ್ಡಿ ತುಂಬಿ ಮುಚ್ಚಿದ್ರು. ಒಡಲಿಗೆ ಹಳೇ ಟೇಬಲ್ಲಿನ ಓಕ್ ಕಟಗಿ. ತಂತಿ ಸಡಲ ಬಿಗಿ ಮಾಡಿ ದನಿ ತೂಗಸೂ ಹಿಡಿಕಿ ಇರ್ತದಲ್ಲ, ಅದನ್ನ ಹರಿತದ ಅಂಚಿನ ಮ್ಯಾಲ ತಕ್ಕಡಿಯಂಗ ನಿಲ್ಲಿಸ್ಯಾರ, ಆ ಅಂಚು ಹಳೇ ಚಾಕುವಿಂದು, ಹಿಂದ ಎಳೆಯೋ ಸ್ಪ್ರಿಂಗ್ ಎರಡು 1928ರ ಪ್ಯಾಂಥರ್ ಮೋಟರ್ ಸೈಕಲ್ಲಿನ ವಾಲ್ವ್ ಸ್ಪ್ರಿಂಗು. ಹಿಡಿಕಿ ಸೈಕಲ್ಲಿನ ಚೀಲಾ ಹಿಡಿಯೋ ಕಬ್ಬಿಣ, ಅದರ ತುದಿಗೆ ತಾಯಿದು ಸ್ವೆಟರ್ ಹೆಣಿಯೋ ಸೂಜಿ ತುಂಡು. ಕುತ್ತಿಗಿ ಮ್ಯಾಲ ಕಾಣೂ ಬಿಳೇ ಚುಕ್ಕಿನೂ ತಾಯಿದ ಹೊಲಿಗಿ ಡಬ್ಬಿಯೊಳಗಿನ ಮುತ್ತಿನ ಚಿಪ್ಪಿನ ಗುಂಡಿ. ಒಟ್ಟ ಖರ್ಚು 8 ಪೌಂಡ್ ಅಂತ ಹೇಳ್ತಾರ. ತಂತಿ ದನಿ ಹಿಡಿಯೋ ಪಿಕಪ್ ಮೊದಲ ಸ್ವಂತ ಸುತ್ತಿದ್ರು, ಸರಿ ಬರಲಿಲ್ಲ, ಆಮ್ಯಾಲ ಬರ್ನ್ಸ್ ಕಂಪನಿದ ಮೂರು ಕೊಂಡ ಹಾಕಿದ್ರು, ಅವು ಸಿಳ್ಳಿ ಹಾಕಬಾರದಂತ ಅವಕ್ಕ ಅರಾಲ್ಡೈಟ್ ಅಂಟು ತುಂಬಿದ್ರು. ಬಾರಸೂದು ಪ್ಲಾಸ್ಟಿಕ್ ಚಿಪ್ಪಿನಿಂದಲ್ಲ, ಆರ ಪೆನ್ನಿಯ ಹಳೇ ನಾಣ್ಯದಿಂದ, ಅದರ ಹಲ್ಲಿನ ಅಂಚು ತಂತಿಗೆ ತಿಕ್ಕಿದ್ರ ಬರೋ ಖರಖರ ಅವರ ಗುರುತು.

‘ರೆಡ್ ಸ್ಪೆಷಲ್’ ಅಂತ ಅದರ ಹೆಸರು. ‘1984’ ಬ್ಯಾಂಡಿನ್ಯಾಗ ಅದ, ಸ್ಮೈಲ್‌ನ್ಯಾಗ ಅದ, ಕ್ವೀನ್‌ನ್ಯಾಗ ಅದ. 1985ರ ಜುಲೈ 13ಕ್ಕ ವೆಂಬ್ಲಿಯೊಳಗ ಲೈವ್ ಏಡ್ ಅನ್ನೋ ದೊಡ್ಡ ಸಹಾಯಾರ್ಥ ಪ್ರೋಗ್ರಾಮಿನ ದಿನ ಇಪ್ಪತ್ತೊಂದ ಮಿನಿಟಿನ್ಯಾಗ ಜಗತ್ತ ಕೇಳಿದ ಗಿಟಾರ್ ದನಿ ಅದ ಗೂಡಿನ ಹಲಿಗಿದು. ನಾ ಮಿರಜಕ್ಕ ಹೋದಾಗ ಸಿತಾರ ಮಾಡೋ ಅಂಗಡ್ಯಾಗ ಕೂತು ನೋಡೀನಿ, ಒಣಗಿದ ಕುಂಬಳಕಾಯಿ ಬುರುಡಿ ಬಡದು ಬಡದು ದನಿ ಕೇಳಿ ಬೇಕಾದ್ದನ್ನ ಆರಿಸ್ತಾರ, ಕಣ್ಣಿಗಿಂತ ಕಿವಿ ಮ್ಯಾಲ ಭರೋಸಾ. ಹೆರಾಲ್ಡ್ ಮತ್ತ ಬ್ರಯಾನ್ ಮಾಡಿದ್ದೂ ಅದ ಕೆಲಸ. ಜಾನ್ ಡೀಕನ್‌ದೂ ಒಂದ ಮಾತು ಕೇಳ್ರಿ, ಕಸದ ತೊಟ್ಟ್ಯಾಗ ಬಿದ್ದಿದ್ದ ಸರ್ಕಿಟ್ ಬೋರ್ಡ್ ಎತ್ತಿ ತಂದು ಹಳೇ ಸ್ಪೀಕರ್ ಡಬ್ಬಿಯೊಳಗ ಕೂಡಿಸಿ ಸಣ್ಣ ಆಂಪ್ಲಿಫೈಯರ್ ಮಾಡಿದ, ಅದನ್ನ ಕ್ವೀನ್ ರೆಕಾರ್ಡಿಂಗ್‌ನ್ಯಾಗ ಎಷ್ಟೋ ವರ್ಷ ಬಳಸಿದ್ರು. ನಿಮ್ಮ ಶೆಡ್ಡಿನ್ಯಾಗ ನಿಂತ್ರ ಈ ಮಂದಿ ನಿಮ್ಮ ಕೂಡ ತಾಸಗಟ್ಟಲೆ ಮಾತಾಡ್ಯಾರು.

ಪ್ರಶ್ನೆ: ಆ ಸ್ಟಾಫೆಲ್ ಅನ್ನಾಂವ ಬಿಟ್ಟದ್ದು ಎಂಥಾ ದುರ್ದೈವ! ಇನ್ನ ಸ್ವಲ್ಪ ತಡದಿದ್ರ ಅವನೂ ಕೋಟ್ಯಾಧೀಶ ಆಗ್ತಿದ್ದ. ಮುಂದ ಏನಾದ?
(ನಿವೃತ್ತ ಶಿಕ್ಷಕರು, ವಿಜಯಪುರ)

ಉತ್ತರ: ಗುರುಗಳ, ದುರ್ದೈವ ಅನ್ನೋ ಮಾತಿಗೆ ನನ್ನ ಒಪ್ಪಿಗಿ ಇಲ್ಲ, ಸಿಟ್ಟಾಗಬ್ಯಾಡ್ರಿ. ಟಿಮ್ ತಡದಿದ್ರ ಕ್ವೀನ್ ಆಗ್ತಿರಲಿಲ್ಲ, ಸ್ಮೈಲ್ ಮುಂದುವರೀತಿತ್ತು, ಅದು ಬ್ಯಾರೆ ಕಥಿ. ಅಂವ ಎದ್ದ ಜಾಗಾದಾಗ ಫ್ರೆಡ್ಡಿ ನಿಂತ, ಆ ಫ್ರೆಡ್ಡಿನ್ನ ಕೈಹಿಡದ ಕರಕೊಂಡ ಬಂದಾಂವನೂ ಟಿಮ್‌ನ. ಇಷ್ಟ ದೊಡ್ಡ ಕೆಲಸ ಮಾಡಿದವನ್ನ ನಾವು ಬರೇ ಲಾಟರಿ ಚೀಟಿ ಕಳಕೊಂಡವನಂಗ ನೋಡೂದು ನನಗ ನ್ಯಾಯ ಅನಿಸೂದಿಲ್ಲ.

ಸ್ಮೈಲ್ ಬಿಟ್ಟು ಅಂವ ಹೋದದ್ದು ಹಂಪಿ ಬಾಂಗ್ ಅನ್ನೋ ಬ್ಯಾಂಡಿಗೆ, ಬೀ ಜೀಸ್‌ನ್ಯಾಗ ಮೊದಲ ಡ್ರಮ್ ಬಾರಸ್ತಿದ್ದ ಕಾಲಿನ್ ಪೀಟರ್ಸನ್ ಕಟ್ಟಿದ್ದು. ಅದೂ ಬಾಳಿಕಿ ಬರಲಿಲ್ಲ. ಆಮ್ಯಾಲ ಮಾರ್ಗನ್ ಅನ್ನೋ ಬ್ಯಾಂಡಿನ್ಯಾಗ ಹಾಡಿದ. ಮುಂದ ಟಿಮ್ ಸಂಗೀತದ ಜೋಡಿ ಇನ್ನೊಂದ ಕಲಾದಾಗ ಕೈ ಹಾಕಿದ, ಮಾಡೆಲ್ ಮಾಡೂದು. ಥಾಮಸ್ ದಿ ಟ್ಯಾಂಕ್ ಎಂಜಿನ್ ಅಂತ ಮಕ್ಕಳ ಟೀವಿ ಸೀರಿಯಲ್, ನಗೂ ಮಾರಿ ಇರೋ ನೀಲಿ ರೈಲ್ವೆ ಎಂಜಿನ್, ನಿಮ್ಮ ಮೊಮ್ಮಕ್ಕಳಿಗೆ ಗೊತ್ತಿರ್ತದ. ಅದರ ಮಾಡೆಲ್ ಕೆಲಸದಾಗ ಟಿಮ್ ಕೈ ಐತಿ. ಕ್ವೀನ್ ಹೆಸರ ಕೇಳದ ಮಕ್ಕಳೂ ಆ ಎಂಜಿನ್ ನೋಡ್ಯಾವ.

ಹಳೇ ಗೆಳೆತನನೂ ಹರೀಲಿಲ್ಲ. 1992ರ ಡಿಸೆಂಬರಿನ್ಯಾಗ ಲಂಡನ್ನಿನ ಮಾರ್ಕೀ ಕ್ಲಬ್ಬಿನ್ಯಾಗ ಮೂರೂ ಮಂದಿ ಒಂದ ರಾತ್ರಿ ಮತ್ತ ಕೂಡಿ ಬಾರಿಸಿದ್ರು, ಫ್ರೆಡ್ಡಿ ಹೋಗಿ ಆಗ ಒಂದ ವರ್ಷದ ಮ್ಯಾಲ ಆಗಿತ್ತು. 2018ರಾಗ ಫ್ರೆಡ್ಡಿ ಜೀವನದ ಮ್ಯಾಲ ‘ಬೊಹೀಮಿಯನ್ ರ್ಯಾಪ್ಸಡಿ’ ಸಿನಿಮಾ ಬಂತಲ್ಲ, ಅದರ ಸಲುವಾಗಿ ಬ್ರಯಾನ್, ರಾಜರ್, ಟಿಮ್ ಮೂವರೂ ಸ್ಟುಡಿಯೋದಾಗ ಕೂತು ‘ಡೂಯಿಂಗ್ ಆಲ್ ರೈಟ್’ ಹೊಸದಾಗಿ ರೆಕಾರ್ಡ್ ಮಾಡಿದ್ರು. ಆಲ್ಬಮ್ ಮ್ಯಾಲ ಆ ಹಾಡಿನ ಮುಂದ ಬ್ಯಾಂಡಿನ ಹೆಸರು ಸ್ಮೈಲ್ ಅಂತ ಬರದಾರ. ನಲವತ್ತೆಂಟ ವರ್ಷದ ಮ್ಯಾಲ ಎಪ್ಪತ್ತರ ವಯಸ್ಸಿನ ಮೂರು ಮಂದಿ ಇಪ್ಪತ್ತರಾಗ ಕಟ್ಟಿದ ಹಾಡಿಗೆ ಹೊಳ್ಳಿ ಬಂದ್ರು. ನೀವ ಹೇಳ್ರಿ ಗುರುಗಳ, ಇದು ಸೋತವರ ಕಥಿ ಐತೇನು?

ಪ್ರಶ್ನೆ: ಹಿಂಗ ಅಲ್ಪಾಯುಷಿ ಬ್ಯಾಂಡಿನಿಂದ ಬಂದು ಮುಂದ ಹೆಸರ ಮಾಡಿದವ್ರು ಬ್ಯಾರೆ ಯಾರರ ಅದಾರ?
(ಬಾಗಲಕೋಟೆ, ವಿದ್ಯಾಗಿರಿ)

ಉತ್ತರ: ಅದಾರ, ಎರಡ ಹೇಳ್ತೀನಿ. ಬರ್ಮಿಂಗ್‌ಹ್ಯಾಮ್ ಸುತ್ತಮುತ್ತ ‘ಬ್ಯಾಂಡ್ ಆಫ್ ಜಾಯ್’ ಅಂತ ಇತ್ತು, 1968ರಾಗ ಮುಗೀತು, ಅದರಾಗ ಹಾಡ್ತಿದ್ದಾಂವ ರಾಬರ್ಟ್ ಪ್ಲ್ಯಾಂಟ್, ಡ್ರಮ್ ಬಾರಸಾಂವ ಜಾನ್ ಬೊನಮ್, ಅದ ವರ್ಷ ಇಬ್ಬರೂ ಹೆಸರಾಂತ ರಾಕ್ ಬ್ಯಾಂಡ್ ಲೆಡ್ ಝೆಪ್ಪೆಲಿನ್‌ಗೆ ಹೋದ್ರು. ಇನ್ನೊಂದು ‘ಬ್ಲೂಸಾಲಜಿ’, ಇದು ಅಷ್ಟೇನ ಅಲ್ಪಾಯುಷಿ ಅಲ್ಲ, ಅಲ್ಲಿ ರೆಜಿನಾಲ್ಡ್ ಡ್ವೈಟ್ ಅಂತ ಪಿಯಾನೊ ಹುಡುಗ ಇದ್ದ. ಬಿಟ್ಟ ಹೋಗೂ ಮುಂದ ಅದ ಬ್ಯಾಂಡಿನ ಸ್ಯಾಕ್ಸೊಫೋನ್ ಬಾರಸೋ ಎಲ್ಟನ್ ಡೀನ್ ಹೆಸರಿಂದ ಒಂದ ತುಂಡು, ಹಾಡಾಂವ ಲಾಂಗ್ ಜಾನ್ ಬಾಲ್ಡ್ರಿ ಹೆಸರಿಂದ ಒಂದ ತುಂಡು ತಗೊಂಡು ಹೆಸರಾಂತ ಹಾಡುಗಾರ ಎಲ್ಟನ್ ಜಾನ್ ಆದ. ಹಳೇ ಗೆಳ್ಯಾರ ಹೆಸರನ್ನ ಜೀವನಪೂರ್ತಿ ಮ್ಯಾಲ ಹೊತ್ಕೊಂಡ ತಿರಗಿದಾಂವ ಅಂವ.

ಪ್ರಶ್ನೆ: ನನ್ನ ಮಗ ಬಿ.ಎಸ್ಸಿ. ಎರಡನೇ ವರ್ಷ. ಮೂರು ಹೊತ್ತೂ ಗಿಟಾರ್, ಗೆಳ್ಯಾರು, ಬ್ಯಾಂಡು. ಓದು ಬಿಡ್ತೀನಿ ಅನ್ನಾಕತ್ತಾನ. ಮನ್ಯಾಗ ದಿನಾ ಜಗಳ. ಏನ ಮಾಡ್ಲಿ?
(ಒಬ್ಬ ತಾಯಿ, ಗೋಕಾಕ)

ಉತ್ತರ: ಅಕ್ಕಾರ, ಗಿಟಾರ್ ಕಸಗೊಳ್ಳಬ್ಯಾಡ್ರಿ, ಇದು ಮೊದಲಿನ ಮಾತು. ಎರಡನೇದು, ಈ ಪುಟ ಮಗನ ಕೈಯಾಗ ಕೊಟ್ಟು ಓದಾಕ ಹೇಳ್ರಿ, ಯಾಕಂದ್ರ ಅಂವ ನಿಮ್ಮ ಮಾತು ಕೇಳದಿದ್ರೂ ಕ್ವೀನ್ ಮಾತು ಕೇಳ್ಯಾನು.

ಬ್ರಯಾನ್ ಮೇ ಗಿಟಾರ್ ಬಾರಸ್ಕೋತ ಫಿಸಿಕ್ಸ್ ಡಿಗ್ರಿ ಮುಗಿಸಿದ, ಮುಂದ ಪಿಎಚ್‌ಡಿಗೆ ಸೇರಿದ, ಸೂರ್ಯನ ಸುತ್ತ ಇರೋ ಧೂಳಿನ ಮ್ಯಾಲ ಅವರ ಸಂಶೋಧನೆ, ಟೆನೆರೀಫ್ ದ್ವೀಪದ ಗುಡ್ಡದ ಮ್ಯಾಲ ಕೂತು ರಾತ್ರಿ ಆಕಾಶ ನೋಡ್ಯಾರ, ಖರ್ಚಿಗೆ ಅಂತ ಲಂಡನ್ನಿನ ಸಾಲಿಯೊಳಗ ಗಣಿತನೂ ಹೇಳಿಕೊಟ್ಟಾರ. ಕ್ವೀನ್ ಬೆಳದಂಗ ಥೀಸಿಸ್ ಅರ್ಧಕ್ಕ ನಿಂತಿತು. ಆ ಹಾಳಿ ಒಗೀಲಿಲ್ಲ. ಮೂವತ್ತ ವರ್ಷದ ಮ್ಯಾಲ ಮತ್ತ ಅದ ಇಂಪೀರಿಯಲ್ ಕಾಲೇಜಿಗೆ ಹೋಗಿ ಕೂತು 2007ರಾಗ ಪಿಎಚ್‌ಡಿ ತಗೊಂಡ್ರು, ವಯಸ್ಸು ಆಗ ಅರವತ್ತ. ರಾಜರ್ ಟೇಲರ್‌ಗ ಹಲ್ಲಿನ ಡಾಕ್ಟರಕಿ ಮನಸಿಗೆ ಹಿಡಿಸಲಿಲ್ಲ, ಬಿಟ್ಟ, ಆದ್ರ ಬಯಾಲಜಿಗೆ ಹೋಗಿ ಡಿಗ್ರಿ ಮಾಡಿದ. ಜಾನ್ ಡೀಕನ್ ಬ್ಯಾಂಡಿಗೆ ಸೇರಿದ ವರ್ಷನ ಎಲೆಕ್ಟ್ರಾನಿಕ್ಸ್‌ನ್ಯಾಗ ಫಸ್ಟ್ ಕ್ಲಾಸ್ ಪಾಸಾದ. ಫ್ರೆಡ್ಡಿ 1969ರಾಗ ಗ್ರಾಫಿಕ್ ಆರ್ಟ್ ಡಿಪ್ಲೊಮಾ ಮುಗಿಸಿದ. ನಾಲ್ಕೂ ಮಂದಿ ಬ್ಯಾಂಡ್ ಕಟ್ಟೂ ದಿನದಾಗನ ಓದೂನೂ ಮುಗಿಸ್ಯಾರ.

ಮಗನ್ನ ಎದುರಿಗೆ ಕೂಡಿಸ್ಕೊಂಡು ಒಂದ ಒಪ್ಪಂದ ಮಾಡ್ರಿ ಅಕ್ಕಾರ. ಬಿ.ಎಸ್ಸಿ. ಮುಗಿಯೂತನ ವಾರಕ್ಕ ಇಂತಿಷ್ಟ ತಾಸು ಓದು, ಉಳಿದ ಹೊತ್ತು ಗಿಟಾರ್, ಅದರ ಬಗ್ಗೆ ಮನ್ಯಾಗ ಯಾರೂ ಒಂದ ಮಾತು ಆಡಬಾರದು, ನೀವೂ ಆಡಬಾರದು. ಗೆಳ್ಯಾರನ್ನ ಎಲ್ಲೋ ಹೊರಗ ಕೂಡಾಕ ಕಳಿಸೂಕಿಂತ ವಾರಕ್ಕ ಒಂದ ದಿನ ಮಾಳಿಗಿ ಮ್ಯಾಲ ಪ್ರ್ಯಾಕ್ಟೀಸ್ ಮಾಡ್ಲಿ, ಓಣ್ಯಾಗಿನವರಿಗೆ ಮೊದಲ ಹೇಳಿ ಒಪ್ಪಿಸ್ರಿ, ರಾತ್ರಿ ಒಂಬತ್ತರೊಳಗ ಮುಗಸ್ರಿ. ಆ ದಿನ ಚಹಾ, ಚುಮ್ಮರಿ ನೀವ ಮಾಡಿ ಒಯ್ಯಿರಿ, ಒಂದೆರಡ ಹಾಡು ಕೂತ ಕೇಳ್ರಿ. ಟ್ರೂರೋದಾಗ ಆ ಪ್ರೋಗ್ರಾಮ್ ಹೊಂದಿಸಿದಾಕಿ ಒಬ್ಬ ಡ್ರಮ್ಮರ್‌ನ ತಾಯಿ ಅನ್ನೂದನ್ನ ಮ್ಯಾಲ ಬರದೀನಲ್ಲ.